ಎತ್ತಿದ ಭಾರ ನಿನ್ನದೇ ಆಗಿರಲಿ

ಮಗೂ,

ರಾಷ್ಟ್ರೀಯ ಕಿರಿಯರ ವೇಟ್‌ಲಿಫ್ಟಿಂಗ್ ಶಿಬಿರಕ್ಕೆ ನಿನ್ನ ಹೆಸರು ಬಂದಿದೆ ಎಂದು ಕೇಳಿ ಹೊಟ್ಟೆ ತುಂಬಿತು. ಸ್ನ್ಯಾಚ್‌ನಲ್ಲಿ ಬಾರ್ ಮೈಗೆ ಎಷ್ಟು ಹತ್ತಿರ ಇರಬೇಕು, ಜರ್ಕ್‌ನಲ್ಲಿ ಮುಂಗಾಲು ಎಲ್ಲಿ ಬೀಳಬೇಕು ಎನ್ನುವುದನ್ನೆಲ್ಲ ಅಲ್ಲಿನ ಕೋಚ್‌ಗಳು ಹೇಳಿಕೊಡುತ್ತಾರೆ. ನಾನು ಹೇಳಬೇಕಾದ್ದು ಬೇರೆ. ಬಾರ್‌ಗೆ ಕೈ ಹಾಕುವ ಮೊದಲೇ ನೀನು ಮಾಡಿಕೊಂಡಿರಬೇಕಾದ ಒಂದು ತೀರ್ಮಾನವಿದೆ. ಅದನ್ನು ಈಗ, ಮನಸ್ಸು ಶಾಂತವಾಗಿರುವಾಗಲೇ ಮಾಡಿಕೊ. ಕೂಟ ಹತ್ತಿರ ಬಂದು, ಮಂಡಿ ನೋಯುತ್ತಾ, ಟೋಟಲ್ ಮೇಲೇರದೆ ಕಂಗಾಲಾಗಿರುವಾಗ ಯೋಚಿಸಲು ಕುಳಿತರೆ ಬುದ್ಧಿ ಕೈಕೊಡುತ್ತದೆ.

ಉದ್ದೀಪನ ಮದ್ದು ಎಂದರೆ ಕಳ್ಳರ ವ್ಯವಹಾರ, ನಮ್ಮ ಹತ್ತಿರ ಸುಳಿಯುವುದಿಲ್ಲ ಎಂದು ಮನೆಯವರೆಲ್ಲ ನಂಬಿರುತ್ತಾರೆ. ಆದರೆ ಅದು ಬರುವುದು ನಂಬಿಕಸ್ಥರ ಕೈಯಿಂದಲೇ. ಊಟ ಮುಗಿಸಿ ಹಾಸ್ಟೆಲ್ ಕೋಣೆಗೆ ಬಂದಾಗ, ನಿನ್ನನ್ನು ಒಡಹುಟ್ಟಿದವರಂತೆ ನೋಡಿಕೊಳ್ಳುವ ಸೀನಿಯರ್ ಒಬ್ಬರು ಮೂರು ಮಾತು ಹೇಳುತ್ತಾರೆ. 'ಇದು ರಿಕವರಿಗೆ ಅಷ್ಟೇ.' 'ಎಲ್ಲರೂ ತಗೊಳ್ತಾರೆ.' 'ಕೂಟಕ್ಕೆ ಮುಂಚೆ ನಿಲ್ಲಿಸಿದರೆ ಸಿಕ್ಕಿ ಬೀಳೋದಿಲ್ಲ.' ಈ ಮೂರಕ್ಕೂ ನಿನ್ನ ಹತ್ತಿರ ಉತ್ತರ ಸಿದ್ಧವಿರಬೇಕು.

ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. 2012ರ ಲಂಡನ್ ಒಲಿಂಪಿಕ್ಸ್‌ನ ಪುರುಷರ 94 ಕೆ.ಜಿ. ವಿಭಾಗ. ಕಜಕಸ್ತಾನದ ಇಲ್ಯಾ ಇಲ್ಯಿನ್ ಸ್ನ್ಯಾಚ್‌ನಲ್ಲಿ 185, ಕ್ಲೀನ್ ಅಂಡ್ ಜರ್ಕ್‌ನಲ್ಲಿ 233, ಒಟ್ಟು 418 ಕೆ.ಜಿ. ಎತ್ತಿ ವಿಶ್ವದಾಖಲೆಯೊಡನೆ ಚಿನ್ನ ಗೆದ್ದರು. 2008ರ ಬೀಜಿಂಗ್ ನಂತರ ಅದು ಅವರ ಎರಡನೇ ಒಲಿಂಪಿಕ್ ಚಿನ್ನ. ದೇಶವೇ ಅವರನ್ನು ಹೊತ್ತು ಮೆರೆಸಿತು. ಅವರ ಮೂತ್ರದ ಮಾದರಿಗಳು ಮಾತ್ರ ಪ್ರಯೋಗಾಲಯದ ಶೀತಪೆಟ್ಟಿಗೆಯಲ್ಲಿ ಉಳಿದಿದ್ದವು. ಮದ್ದು ದೇಹದಲ್ಲಿ ಕರಗಿ ತಿಂಗಳುಗಳಾದ ಮೇಲೂ ಅದರ ಚೂರುಗಳನ್ನು ಗುರುತಿಸುವ ಹೊಸ ವಿಧಾನ ಅಷ್ಟರಲ್ಲಿ ಬಂದಿತ್ತು. ಮರುಪರೀಕ್ಷೆಯಲ್ಲಿ ಸ್ಟಾನೊಜೊಲಾಲ್, ಟ್ಯುರಿನಾಬಾಲ್ ಎಂಬ ಸ್ಟೀರಾಯ್ಡ್‌ಗಳು ಸಿಕ್ಕವು. 2016ರಲ್ಲಿ ಎರಡೂ ಚಿನ್ನ ಹೋದವು, ದಾಖಲೆಯೂ ಹೋಯಿತು.

ಅಲ್ಲಿಗೇ ಮುಗಿಯಲಿಲ್ಲ. ಆ ವಿಭಾಗದ ಮೊದಲ ನಾಲ್ಕೂ ಸ್ಥಾನದವರು, ಆರನೆಯ ಮತ್ತು ಏಳನೆಯವರೂ ಅನರ್ಹರಾದರು. ಐದನೆಯವರಾಗಿದ್ದ ಇರಾನಿನ ಸಯೀದ್ ಮೊಹಮ್ಮದ್‌ಪೌರ್‌ಗೆ ಚಿನ್ನ, ಎಂಟನೆಯವರಾಗಿದ್ದ ಕೊರಿಯಾದ ಕಿಮ್ ಮಿನ್‌ಜೇಗೆ ಬೆಳ್ಳಿ, ಒಂಬತ್ತನೆಯವರಾಗಿದ್ದ ಪೋಲೆಂಡಿನ ತೊಮಾಶ್ ಜೆಲಿನ್‌ಸ್ಕಿಗೆ ಕಂಚು. ಆ ಜೆಲಿನ್‌ಸ್ಕಿಯೂ 2016ರಲ್ಲಿ ರಿಯೋ ಒಲಿಂಪಿಕ್ಸ್‌ಗೆ ಹೋಗಿ ನ್ಯಾಂಡ್ರೊಲೋನ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ವಾಪಸಾದರು. ಈಗಿನ ನಿಯಮದ ಪ್ರಕಾರ ಮಾದರಿಯನ್ನು 10 ವರ್ಷ ಕಾಯ್ದಿಟ್ಟು ಮರುಪರೀಕ್ಷೆ ಮಾಡಬಹುದು. ಇವತ್ತಿನ ಯಂತ್ರದ ಕಣ್ಣು ತಪ್ಪಿಸಿಕೊಳ್ಳುವ ಉಪಾಯ ನಿನ್ನ ಸೀನಿಯರ್‌ಗೆ ಗೊತ್ತಿರಬಹುದು, ಹತ್ತು ವರ್ಷದ ನಂತರ ಬರಲಿರುವ ಯಂತ್ರದ ಬಗ್ಗೆ ಯಾರಿಗೆ ಏನು ಗೊತ್ತು? ಹಾಗೆ ಗೆದ್ದ ಪದಕ ಮದುವೆಗೆ ಕಡ ತಂದ ಒಡವೆಯ ಹಾಗೆ. ಎಷ್ಟು ಮೆರೆದರೂ ಒಡೆಯ ಕೇಳಿದ ದಿನ ಬಿಚ್ಚಿ ಕೊಡಲೇಬೇಕು.

ಇನ್ನು 'ಎಲ್ಲರೂ ತಗೊಳ್ತಾರೆ' ಎಂಬ ಮಾತು. ಇದು ಪೂರ್ತಿ ಸುಳ್ಳೆಂದು ನಿನ್ನನ್ನು ಸಮಾಧಾನಪಡಿಸಲಾರೆ. ನಮ್ಮ ಕ್ರೀಡೆ ಮೇಲಿನಿಂದಲೇ ಕೆಟ್ಟಿತ್ತು. ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಒಕ್ಕೂಟವನ್ನು ದಶಕಗಳ ಕಾಲ ಕೈಯಲ್ಲಿಟ್ಟುಕೊಂಡಿದ್ದ ಹಂಗೇರಿಯ ತಮಾಸ್ ಅಯಾನ್ ಅವರ ಆಡಳಿತದ ಬಗ್ಗೆ 2020ರಲ್ಲಿ ಕೆನಡಾದ ವಕೀಲ ರಿಚರ್ಡ್ ಮೆಕ್ಲಾರೆನ್ ತನಿಖೆ ನಡೆಸಿದರು. 40 ಪಾಸಿಟಿವ್ ಪ್ರಕರಣಗಳನ್ನು ಮುಚ್ಚಿಟ್ಟಿದ್ದೂ, ಒಂದು ಕೋಟಿ ಡಾಲರಿಗೂ ಹೆಚ್ಚು ಹಣಕ್ಕೆ ಲೆಕ್ಕವಿಲ್ಲದಿರುವುದೂ ಹೊರಬಂತು. 2022ರಲ್ಲಿ ಕ್ರೀಡಾ ನ್ಯಾಯಮಂಡಳಿ ಅಯಾನ್‌ಗೆ ಆಜೀವ ನಿಷೇಧ ಹಾಕಿತು. ಅದಕ್ಕೂ ಮೊದಲು, ಬೀಜಿಂಗ್ ಮತ್ತು ಲಂಡನ್ ಮಾದರಿಗಳ ಮರುಪರೀಕ್ಷೆಯ ಫಲವಾಗಿ ರಷ್ಯಾ, ಚೀನಾ, ಕಜಕಸ್ತಾನ ಸೇರಿ ಒಂಬತ್ತು ದೇಶಗಳು 2017ರಲ್ಲಿ ಒಂದು ವರ್ಷ ಹೊರಗುಳಿದವು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ ಮೊದಲ ಪಟ್ಟಿಯಲ್ಲಿ ವೇಟ್‌ಲಿಫ್ಟಿಂಗ್ ಹೆಸರೇ ಇರಲಿಲ್ಲ, 2023ರ ಅಕ್ಟೋಬರಿನಲ್ಲಷ್ಟೇ ಸೇರಿಸಿಕೊಂಡರು.

ನಮ್ಮ ಮನೆಯ ಲೆಕ್ಕವೂ ಚೊಕ್ಕಟವಾಗಿಲ್ಲ. ಅಥೆನ್ಸ್ 2004ರಲ್ಲಿ 53 ಕೆ.ಜಿ. ವಿಭಾಗದಲ್ಲಿ ನಾಲ್ಕನೆಯವರಾಗಿದ್ದ ಸನಮಾಚಾ ಚಾನು ಫ್ಯೂರೊಸೆಮೈಡ್ ಪ್ರಕರಣದಲ್ಲಿ ಅನರ್ಹರಾದರು. 2009ರಲ್ಲಿ ನಮ್ಮ ಆರು ಮಂದಿ ಸಿಕ್ಕಿಬಿದ್ದರು. ದೆಹಲಿಯಲ್ಲೇ ನಡೆಯಲಿದ್ದ 2010ರ ಕಾಮನ್‌ವೆಲ್ತ್ ಕೂಟದಲ್ಲಿ ಭಾಗವಹಿಸಲು ಐದು ಲಕ್ಷ ಡಾಲರ್ ದಂಡ ತೆರಬೇಕಾಯಿತು. ತಪ್ಪು ಮಾಡಿದವರು ಆರು ಮಂದಿಯಾದರೂ ತೂಗುಗತ್ತಿ ತಂಡದ ಎಲ್ಲರ ತಲೆಯ ಮೇಲಿತ್ತು. 2023ರಲ್ಲಿ ಎಲ್ಲ ಕ್ರೀಡೆಗಳೂ ಸೇರಿ ಭಾರತದ 5,606 ಮಾದರಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಪಾಸಿಟಿವ್ ಬಂದವು. ಹೆಚ್ಚು ಪರೀಕ್ಷೆ ನಡೆಸುವ ದೇಶಗಳಲ್ಲಿ ಆ ವರ್ಷ ನಮ್ಮ ಪ್ರಮಾಣವೇ ಅತಿ ಹೆಚ್ಚಾಗಿತ್ತು.

ಆದರೂ ಕ್ರಿಸ್ಟಿನ್ ಜಿರಾರ್ಡ್ ಎಂಬ ಕೆನಡಾದ ಹೆಣ್ಣುಮಗಳನ್ನು ನೆನಪಿಟ್ಟುಕೊ. ಬೀಜಿಂಗ್ 2008ರ 63 ಕೆ.ಜಿ. ವಿಭಾಗದಲ್ಲಿ ಆಕೆ ನಾಲ್ಕನೆಯವರು, ಲಂಡನ್‌ನಲ್ಲಿ ಮೂರನೆಯವರು. ಮೇಲೆ ನಿಂತವರು ಮರುಪರೀಕ್ಷೆಯಲ್ಲಿ ಉರುಳಿದ ಮೇಲೆ ಬೀಜಿಂಗ್‌ನ ಕಂಚೂ ಲಂಡನ್‌ನ ಚಿನ್ನವೂ ಅವರದೆಂದಾಯಿತು. 2018ರ ಡಿಸೆಂಬರಿನಲ್ಲಿ ಒಟ್ಟಾವಾದಲ್ಲಿ ಆ ಪದಕಗಳು ಕೈಸೇರುವ ಹೊತ್ತಿಗೆ ಅವರು ಬಾರ್ ಬಿಟ್ಟು ಮಕ್ಕಳ ತಾಯಿಯಾಗಿದ್ದರು. ಗೆದ್ದ ದಿನ ಕೇಳಬೇಕಿದ್ದ ರಾಷ್ಟ್ರಗೀತೆ ಕೇಳಲಿಲ್ಲ, ಬರಬೇಕಿದ್ದ ಪ್ರಾಯೋಜಕರು ಬರಲಿಲ್ಲ. ಅವರಿಗಾದದ್ದು ಅನ್ಯಾಯವೇ. ನಿನಗೂ ಅಂಥದ್ದು ಆಗಬಹುದು. ಶುದ್ಧವಾಗಿದ್ದರೆ ಪದಕ ಖಂಡಿತ ಎಂದು ನಾನು ಹೇಳಿದರೆ ಅದು ಮೋಸ. ಆದರೆ ಬೇರೆಯವರಿಗಿಂತ ಕೆಳಗೆ ನಿಂತಿದ್ದ ಆ ವರ್ಷಗಳಲ್ಲೂ ತಾನು ಎತ್ತಿದ್ದು ಎಷ್ಟು ಎಂಬುದರಲ್ಲಿ ಆಕೆಗೆ ಅನುಮಾನವಿರಲಿಲ್ಲ. ಪದಕ ಕೊಡುವುದು, ಕಸಿಯುವುದು ಬೇರೆಯವರ ಕೈಯಲ್ಲಿದೆ. ನೀನು ಎತ್ತಿದ ಕಿಲೋಗಳು ನಿನ್ನವೇ ಆಗಿರಬೇಕೇ ಬೇಡವೇ ಎಂಬುದು ಮಾತ್ರ ನಿನ್ನ ಕೈಯಲ್ಲಿದೆ. ಈ ಕಿವಿಮಾತಿನ ತಿರುಳು ಇಷ್ಟೇ.

ಉಳಿದದ್ದು 'ರಿಕವರಿಗೆ ಅಷ್ಟೇ'. ಇದು ಮೂರರಲ್ಲೂ ಹೆಚ್ಚು ಅಪಾಯದ ಮಾತು, ಏಕೆಂದರೆ ಒಳ್ಳೆಯವರೂ ಇದನ್ನು ನಂಬಿ ಕೆಡುತ್ತಾರೆ. ನಿನ್ನ ಮಾದರಿಯಲ್ಲಿ ನಿಷೇಧಿತ ವಸ್ತು ಸಿಕ್ಕರೆ ಅದು ಒಳಗೆ ಹೇಗೆ ಹೋಯಿತು ಎಂದು ತೋರಿಸುವ ಹೊಣೆ ನಿನ್ನದು. ಕೋಚ್ ಕೊಟ್ಟರು, ಅಂಗಡಿಯವನು ಹೇಳಿದ, ಡಬ್ಬಿಯ ಮೇಲೆ ಬರೆದಿರಲಿಲ್ಲ ಎಂದರೆ ನಡೆಯದು. ಸ್ಟೀರಾಯ್ಡ್ ಆದರೆ ಸಾಮಾನ್ಯವಾಗಿ ನಾಲ್ಕು ವರ್ಷ ನಿಷೇಧ. ಹತ್ತೊಂಬತ್ತರ ವಯಸ್ಸಿಗೆ ನಾಲ್ಕು ವರ್ಷ ಎಂದರೇನು ಎಂದು ಲೆಕ್ಕ ಹಾಕು. ದೇಹ ತೆರುವ ಬೆಲೆ ಬೇರೆ. ಹುಡುಗಿಯರ ದನಿ ಗಡುಸಾಗುತ್ತದೆ, ಮುಟ್ಟು ಏರುಪೇರಾಗುತ್ತದೆ, ಬದಲಾದ ದನಿ ಮದ್ದು ಬಿಟ್ಟರೂ ಮೊದಲಿನಂತಾಗದೆ ಉಳಿಯಬಹುದು. ಹುಡುಗರಲ್ಲಿ ವೀರ್ಯಾಣು ಕುಗ್ಗುತ್ತವೆ. ಬೆಳೆಯುವ ವಯಸ್ಸಿನಲ್ಲಿ ಎಳೆಮೂಳೆಯ ತುದಿಗಳು ಬೇಗ ಮುಚ್ಚಿಕೊಂಡು ಎತ್ತರವೇ ನಿಲ್ಲಬಹುದು. ಯಕೃತ್ತು, ಹೃದಯ ಸದ್ದಿಲ್ಲದೆ ಸವೆಯುತ್ತವೆ.

ಆದ್ದರಿಂದ ಕೆಲವು ಕಟ್ಟುಪಾಡು ಹಾಕಿಕೊ. ಲೇಬಲ್ ಇಲ್ಲದ ಪುಡಿ, ಬಿಡಿ ಮಾತ್ರೆ, ಬೇರೆಯವರು ಕಲಸಿ ಕೊಟ್ಟ ಶೇಕ್ ಮುಟ್ಟಬೇಡ. ಜ್ವರ, ಕೆಮ್ಮು ಎಂದು ವೈದ್ಯರ ಹತ್ತಿರ ಹೋದಾಗ ಮೊದಲ ವಾಕ್ಯವೇ 'ನಾನು ಡೋಪ್ ಪರೀಕ್ಷೆಗೆ ಒಳಪಡುವ ಕ್ರೀಡಾಪಟು' ಎಂದಿರಲಿ. ಔಷಧದಲ್ಲಿ ನಿಷೇಧಿತ ಅಂಶವಿದೆಯೇ ಎಂದು ನೋಡಲು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್ ಇದೆ. ಕಾಯಿಲೆಗೆ ಅಂಥ ಔಷಧವೇ ಬೇಕಾದರೆ ಮುಂಚೆಯೇ ಅನುಮತಿ ಪಡೆಯುವ ದಾರಿಯೂ ಇದೆ. ತೂಕ ಇಳಿಸಲು ಮೂತ್ರ ಹೆಚ್ಚಿಸುವ ಮಾತ್ರೆ ಮಾತ್ರ ಬೇಡವೇ ಬೇಡ. ಸನಮಾಚಾ ಪ್ರಕರಣದ ಫ್ಯೂರೊಸೆಮೈಡ್ ಅಂಥದ್ದೇ ಮಾತ್ರೆ. ನಿನ್ನ ತೂಕ ವಿಭಾಗಕ್ಕೆ ದೇಹ ಒಗ್ಗದಿದ್ದರೆ ಮೇಲಿನ ವಿಭಾಗಕ್ಕೆ ಹೋಗು.

ಪರೀಕ್ಷೆಗೆ ಕರೆ ಬಂದಾಗ ಗಾಬರಿಯಾಗಬೇಡ, ಅವಸರವೂ ಬೇಡ. ನಿನಗೆ ವಿಷಯ ತಿಳಿಸಿದ ಗಳಿಗೆಯಿಂದ ಒಬ್ಬರು ಜೊತೆಗೇ ಇರುತ್ತಾರೆ. ಕುಡಿಯುವ ನೀರು ಸೀಲ್ ಒಡೆಯದ ಬಾಟಲಿಯದಾಗಿರಲಿ, ನೀನೇ ಒಡೆ. ಕಿಟ್‌ಗಳಲ್ಲಿ ಒಂದನ್ನು ನೀನೇ ಆರಿಸು. ಕನಿಷ್ಠ 90 ಮಿ.ಲೀ. ಮೂತ್ರ ಬೇಕು, ನಿನ್ನ ಲಿಂಗದವರೇ ಒಬ್ಬರು ಎದುರಿಗೆ ನಿಂತು ನೋಡುತ್ತಾರೆ. ನಾಚಿಕೆಯಾಗುತ್ತದೆ, ಸಹಿಸಿಕೊ. ಎ ಮತ್ತು ಬಿ ಬಾಟಲಿಗೆ ನಿನ್ನ ಕೈಯಿಂದಲೇ ಸುರಿದು ಮುಚ್ಚಳ ಬಿಗಿಮಾಡು. ಬಾಟಲಿಯ ಸಂಖ್ಯೆಗೂ ಫಾರಂನಲ್ಲಿ ಬರೆದ ಸಂಖ್ಯೆಗೂ ಅಂಕಿ ಅಂಕಿ ಹೊಂದಿಸಿ ನೋಡು. ಈಚಿನ ದಿನಗಳಲ್ಲಿ ತೆಗೆದುಕೊಂಡ ಔಷಧಗಳನ್ನೆಲ್ಲ ಬರೆಸು. ಏನಾದರೂ ಸರಿ ಕಾಣದಿದ್ದರೆ ಆಕ್ಷೇಪವನ್ನು ಅಲ್ಲೇ ಬರೆದು, ಆಮೇಲೆ ಸಹಿ ಹಾಕು. ನಿನ್ನ ಪ್ರತಿಯನ್ನು ಜೋಪಾನವಾಗಿಡು. ಹೆದರಿ ಓಡಿಹೋಗುವುದೂ ಅಪರಾಧವೇ, ಅದಕ್ಕೂ ನಾಲ್ಕು ವರ್ಷದ ತನಕ ಶಿಕ್ಷೆಯಿದೆ.

ಸಂಖ್ಯೆ ನೋಡು ಎಂದು ಸುಮ್ಮನೆ ಹೇಳುತ್ತಿಲ್ಲ. ಎರಡು ಕಾಮನ್‌ವೆಲ್ತ್ ಚಿನ್ನ ಗೆದ್ದ ಸಂಜಿತಾ ಚಾನು ಅವರನ್ನು ಟೆಸ್ಟೊಸ್ಟೆರೋನ್ ಸಿಕ್ಕಿತೆಂದು 2018ರಲ್ಲಿ ಅಮಾನತು ಮಾಡಿದರು. ಅವರಿಗೆ ಬಂದ ಪತ್ರಗಳಲ್ಲಿ ಮಾದರಿಯ ಸಂಖ್ಯೆಯೇ ಗೊಂದಲವಾಗಿತ್ತು. ಅವರು ಪಟ್ಟು ಬಿಡದೆ ಹೋರಾಡಿದರು. 2020ರಲ್ಲಿ, ಪ್ರಯೋಗಾಲಯದ ಕೆಲಸದಲ್ಲಿ ಲೋಪವಿದ್ದ ಕಾರಣ ಆರೋಪವನ್ನು ಕೈಬಿಟ್ಟರು. ಅಷ್ಟರಲ್ಲಿ ಒಳ್ಳೆಯ ವರ್ಷಗಳು ಕಳೆದುಹೋಗಿದ್ದವು. ಆಮೇಲೆ 2022ರ ಗುಜರಾತ್ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಡ್ರೊಸ್ಟಾನೊಲೋನ್ ಸಿಕ್ಕು ಅವರಿಗೆ ನಾಲ್ಕು ವರ್ಷ ನಿಷೇಧ ಬಂತು. ಒಬ್ಬರ ಬದುಕಿನಲ್ಲೇ ಎರಡೂ ನಡೆದಿವೆ. ಪರೀಕ್ಷಿಸುವವರೂ ಎಡವಬಹುದು, ಹಾಗೆಂದು ಪ್ರತಿ ಪಾಸಿಟಿವ್ ಪಿತೂರಿಯಲ್ಲ. ಆದುದರಿಂದ ಬೇರೆಯವರ ವಿಷಯದಲ್ಲಿ ತೀರ್ಪು ಬರುವ ಮುನ್ನ ನಾಲಗೆ ಹರಿಬಿಡಬೇಡ. ಟೋಕಿಯೋದಲ್ಲಿ ಚಿನ್ನ ಗೆದ್ದ ಚೀನಾದ ಹೌ ಝಿಹುಯಿ ಡೋಪ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ, ಬೆಳ್ಳಿ ಗೆದ್ದ ನಮ್ಮ ಮೀರಾಬಾಯಿ ಚಾನುಗೆ ಚಿನ್ನ ಬರುತ್ತದೆ ಎಂದು ನಮ್ಮಲ್ಲಿ ಸುದ್ದಿ ಹಬ್ಬಿಸಿದರು. ಅದು ಬರೀ ಗಾಳಿಮಾತಾಗಿತ್ತು. ನಮ್ಮ ಬೆಳ್ಳಿಯ ಬಗ್ಗೆ ಯಾರಾದರೂ ಹಾಗೆ ಆಡಿದ್ದರೆ ನಮಗೆ ಹೇಗಾಗುತ್ತಿತ್ತು?

ಶಿಕ್ಷೆ ಮುಗಿಸಿದವರು ಮರಳಿ ಬರಬಹುದೇ ಎಂದು ನೀನು ಕೇಳಿದ್ದೆ. ಜಾರ್ಜಿಯಾದ ಲಾಶಾ ತಲಖಾಡ್ಜೆ 2013ರಲ್ಲಿ ಸ್ಟಾನೊಜೊಲಾಲ್‌ಗಾಗಿ ಎರಡು ವರ್ಷ ಹೊರಗಿದ್ದರು. ಹಿಂದಿರುಗಿ ರಿಯೋ, ಟೋಕಿಯೋ, ಪ್ಯಾರಿಸ್ ಮೂರರಲ್ಲೂ ಚಿನ್ನ ಗೆದ್ದರು. 2021ರಲ್ಲಿ 225 ಮತ್ತು 267, ಒಟ್ಟು 492 ಕೆ.ಜಿ. ಎತ್ತಿದರು. ಅಷ್ಟು ಭಾರವನ್ನು ಕೂಟದಲ್ಲಿ ಅದುವರೆಗೆ ಯಾರೂ ಎತ್ತಿರಲಿಲ್ಲ. ನಿಯಮ ಬರಬಹುದು ಎನ್ನುತ್ತದೆ, ಅವರು ಬಂದರು. ಶಿಕ್ಷೆ ತೀರಿಸಿದವರನ್ನು ಸಾಯುವ ತನಕ ಹೊರಗಿಡಬೇಕೆಂದು ನಾನೂ ಹೇಳಲಾರೆ. ಆದರೆ ಜಗತ್ತಿನ ಅತಿ ದೊಡ್ಡ ಟೋಟಲ್ ಮಾತು ಬಂದಾಗಲೆಲ್ಲ ಆ 2013 ಕೂಡ ಬಂದೇ ಬರುತ್ತದೆ.

ಹಾಗಾದರೆ ಮದ್ದಿಲ್ಲದೆ ಮೇಲೇರುವುದು ಹೇಗೆ? ನಿಧಾನವಾಗಿ. ಮೀರಾಬಾಯಿ ರಿಯೋದಲ್ಲಿ ಕ್ಲೀನ್ ಅಂಡ್ ಜರ್ಕ್‌ನ ಮೂರು ಯತ್ನದಲ್ಲೂ ಸೋತು ಟೋಟಲ್ಲೇ ಇಲ್ಲದೆ ಬಂದರು. ಮರುವರ್ಷ 194 ಎತ್ತಿ ವಿಶ್ವ ಚಾಂಪಿಯನ್ ಆದರು, ಟೋಕಿಯೋದಲ್ಲಿ 202ಕ್ಕೆ ಬೆಳ್ಳಿ. ಪ್ಯಾರಿಸ್‌ನಲ್ಲಿ 199 ಎತ್ತಿ ಒಂದೇ ಕಿಲೋದಿಂದ ಕಂಚು ತಪ್ಪಿತು. ನಮ್ಮ ಕುಂದಾಪುರ ಕಡೆಯ, ಲಾರಿ ಓಡಿಸುವವರ ಮಗ ಗುರುರಾಜ ಪೂಜಾರಿ 2018ರಲ್ಲಿ 56 ಕೆ.ಜಿ. ವಿಭಾಗದಲ್ಲಿ 249 ಎತ್ತಿ ಕಾಮನ್‌ವೆಲ್ತ್ ಬೆಳ್ಳಿ ತಂದರು. ನಾಲ್ಕು ವರ್ಷದ ನಂತರ 61 ಕೆ.ಜಿ.ಯಲ್ಲಿ 269ಕ್ಕೆ ಕಂಚು. ಮೇಲಿನ ವಿಭಾಗಕ್ಕೆ ಹೋಗಿ, ನಾಲ್ಕು ವರ್ಷ ದುಡಿದು, ಹೆಚ್ಚಿದ್ದು 20 ಕೆ.ಜಿ. ಯಾರಾದರೂ ನಿನಗೆ ಒಂದೇ ಋತುವಿನಲ್ಲಿ ಅಷ್ಟನ್ನು ಏರಿಸಿಕೊಡುತ್ತೇನೆ ಎಂದರೆ, ಅವರ ಕೈಯಲ್ಲಿ ಏನಿದೆ ಎಂದು ಮೊದಲು ಕೇಳು.

ಕೊನೆಯದಾಗಿ ಒಂದು ಮಾತು. ಅಂಥ ಡಬ್ಬಿ ನಿನ್ನ ಮುಂದೆ ಬಂದ ರಾತ್ರಿ ನನಗೆ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಎತ್ತುತ್ತೇನೆ. ದೊಡ್ಡವರು ಕೊಟ್ಟದ್ದನ್ನು ಬೇಡ ಎನ್ನಲು ಸಂಕೋಚವಾದರೆ ನನ್ನ ಹೆಸರು ಹೇಳು, ಬೈಗುಳ ನನಗೇ ಬರಲಿ. ತೆಗೆದುಕೊಂಡುಬಿಟ್ಟೆ ಅಂತಾದರೂ ಮಾಡು, ಬೈಯುವುದಿಲ್ಲ. ತಪ್ಪನ್ನು ಬೇಗ ಒಪ್ಪಿಕೊಂಡವರಿಗೆ ನಾಲ್ಕು ವರ್ಷದ ಶಿಕ್ಷೆಯಲ್ಲಿ ಒಂದು ವರ್ಷ ಕಡಿಮೆ ಮಾಡುವ ಅವಕಾಶ ನಿಯಮದಲ್ಲೇ ಇದೆ. ಅದನ್ನು ಬಳಸಿಕೊಳ್ಳುವುದು ಹೇಗೆಂದು ಇಬ್ಬರೂ ಕೂತು ನೋಡೋಣ. ಮುಚ್ಚಿಟ್ಟು ಒಬ್ಬೊಬ್ಬರೇ ನರಳುವ ಮಕ್ಕಳೇ ಮುಂದೆ ಇನ್ನೂ ಆಳಕ್ಕೆ ಬೀಳುತ್ತಾರೆ. ಏನೇ ಆಗಿರಲಿ, ಮೊದಲು ನನಗೆ ಹೇಳು.