ಮಂಜಿನ ಹನಿಗೂ ಒಂದು ಬೀಜ

ಕೊಯ್ಲಿನ ದಿನಗಳಲ್ಲಿ ಯಸಳೂರಿನ ನಾವು ಬೆಳಿಗ್ಗೆ ಕಾಫಿ ಹರಡಲು ಹೊರಟರೆ ಅಂಗಳದ ಮೇಲೆ ಮಂಜು ಕವಿದಿರುತ್ತದೆ. ಈ ಮಂಜು ಕಟ್ಟುವ ಬಗೆಯನ್ನು ತಿಳಿಯೋಣ.

ಗಾಳಿಯ ನೀರಾವಿ ತಾನಾಗಿ ಹನಿಗಟ್ಟದು. ಕೂರಲು ಒಂದು ಸೂಕ್ಷ್ಮ ಕಣ ಬೇಕು. ಬಿಸಲೆ ಕಾಡಿನ ಮರಗಳು ಬಿಡುವ ಆವಿ ಗಾಳಿಯಲ್ಲಿ ಮಾರ್ಪಟ್ಟು ಇಂಥ ಸಾವಯವ ಕಣಗಳಾಗುತ್ತವೆ. ನಾವು ತರಗು ಸುಟ್ಟ ಹೊಗೆಯಲ್ಲೂ ಅವು ಇವೆ.

ಆದರೆ ಎಲ್ಲ ಕಣಗಳೂ ಸಮನಾಗಿ ನೀರು ಹಿಡಿಯವು. ಹನಿ ಚಿಕ್ಕದಾದಷ್ಟೂ ಅದರ ಮೈ ಹೆಚ್ಚು ಬಾಗಿರುತ್ತದೆ. ಬಾಗಿದ ಮೈಯಿಂದ ನೀರು ಬೇಗ ಆವಿಯಾಗುತ್ತದೆ. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್ 1871ರಲ್ಲಿ ಇದನ್ನು ತೋರಿಸಿಕೊಟ್ಟರು. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ನ್ಯಾನೋಮೀಟರು. 100 ನ್ಯಾನೋಮೀಟರ್ ಅಗಲದ ಶುದ್ಧ ನೀರಿನ ಹನಿ ಉಳಿಯಲು ಸುಮಾರು ಶೇ. 102 ಆರ್ದ್ರತೆ ಬೇಕು. 10 ನ್ಯಾನೋಮೀಟರಿನದಕ್ಕೆ ಶೇ. 120ಕ್ಕೂ ಹೆಚ್ಚು. ಕಣದಲ್ಲಿ ಕರಗುವ ಅಂಶವಿದ್ದರೆ ಈ ಅಡ್ಡಿ ತಗ್ಗಿ, ದೊಡ್ಡ ಕಣಕ್ಕೆ ಶೇ. 100ನ್ನು ತುಸು ಮೀರಿದರೂ ಸಾಕು. ತೀರ ಸಣ್ಣವು ಹನಿಯಾಗಲಾರವು.

ಹೊಗೆಯ ಕಣಗಳಲ್ಲಿ ಬಹಳಷ್ಟು 100 ನ್ಯಾನೋಮೀಟರಿನ ಆಸುಪಾಸಿನವು, ಅಂದರೆ ಮಂಜಿಗೆ ಒಳ್ಳೆಯ ಬೀಜ. ಬೀಜ ಹೆಚ್ಚಿದರೆ ಇದ್ದ ನೀರೇ ಹಂಚಿಹೋಗಿ ಹನಿಗಳು ಸಣ್ಣವಾಗುತ್ತವೆ. ನೆಲಕ್ಕಿಳಿಯದೆ ತೇಲುತ್ತವೆ, ಮಂಜು ದಟ್ಟವಾಗುತ್ತದೆ. ಪಾರ್ಚ್‌ಮೆಂಟನ್ನು ಶೇ. 10 ತೇವಕ್ಕೆ ಇಳಿಸಬೇಕಾದ ನಮಗೆ ಒಂದು ಗಂಟೆಯ ಬಿಸಿಲೂ ಬೆಲೆಯುಳ್ಳದ್ದು.

ಆದ್ದರಿಂದ ಸಂಜೆ ತರಗು ಸುಡದೆ ಗಿಡದ ಬುಡಕ್ಕೆ ಹೊದಿಸೋಣ. ಹೊತ್ತು ಮುಳುಗುವ ಮುನ್ನ ಕಾಫಿ ರಾಶಿ ಮಾಡಿ ಮುಚ್ಚೋಣ; ಮಂಜು ಕರಗಿದ ಮೇಲೆಯೇ ಹರಡೋಣ.