ಎರೆನೆಲದಲ್ಲಿ ಹೊಸ ಬಡಾವಣೆ

ಊರಂಚಿನಲ್ಲಿ ಬಡಾವಣೆ ಯೋಜಿಸುವುದೆಂದರೆ ನಿವೇಶನಗಳ ನಕ್ಷೆ ಬರೆಯುವುದೆಂದೇ ಹಲವರ ಭಾವನೆ. ಆದರೆ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಮೊದಲು ವಿಚಾರಿಸಬೇಕಾದುದು ಮಣ್ಣಿನ ಗುಣವನ್ನು. ಎರೆಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಅಡಿಪಾಯ ಆಳಕ್ಕಿಳಿಯದಿದ್ದರೆ ಗೋಡೆಯೂ ಅದರೊಡನೆ ಬಿರಿಯುವುದು. ಇದಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟು ಕಂಬಗಳ ಅಡಿಪಾಯವನ್ನು ರೂಪಿಸಿತು.

ಎರಡನೆಯದು ನೀರಿನ ದಾರಿ. ಹಳ್ಳವನ್ನು ಮುಚ್ಚಿ ರಸ್ತೆ ಮಾಡಿದರೆ ಮಳೆನೀರು ಮನೆಗೇ ಬರುವುದು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಬಡಾವಣೆಯ ನಕ್ಷೆಗೆ ಪ್ರಾಧಿಕಾರದ ಒಪ್ಪಿಗೆ ಬೇಕು. ಆ ನಕ್ಷೆಗೂ ಮುನ್ನ ಮಣ್ಣಿನ ಪರೀಕ್ಷೆಯೂ ಇಳಿಜಾರಿನ ಅಳತೆಯೂ ಆಗಲಿ. ಬಡವನು ಬಾಳಿನಲ್ಲಿ ಮನೆ ಕಟ್ಟುವುದು ಒಂದೇ ಸಲ.