ಮಗಳ ತೂಕ ಮತ್ತು ಮನೆಯವರ ಮಾತು



ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಎರಡು ಮಾತುಗಳಲ್ಲಿ ಒಂದು ಕೇಳಿಬರುತ್ತದೆ. "ಹುಡುಗಿ ಭಾಳ ಬಡಕಲ ಅದಾಳ, ನಾಕ ತುತ್ತ ಹೆಚ್ಚಿಗಿ ಉಣಸ್ರಿ." ಇಲ್ಲವೇ, "ಹುಡುಗಿ ದಪ್ಪ ಆಗ್ಯಾಳ, ರಾತ್ರಿ ಊಟ ಬಿಡಸ್ರಿ." ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲಿ ಹೋದರೂ ಈ ಮಾತು ತಪ್ಪುವುದಿಲ್ಲ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ತೂಕವೆಂಬುದು ತಟ್ಟೆಯಲ್ಲಿ ಮಾತ್ರ ನಿರ್ಧಾರವಾಗುತ್ತದೆ ಎಂದು ಅವರು ತಿಳಿದಿದ್ದಾರೆ. ಹುಡುಗಿಯ ದುಡಿಮೆ, ಮನೆಯಲ್ಲಿ ಆಕೆಯ ಸ್ಥಾನ, ಆಕೆಯ ಮನಸ್ಸು ಇವೂ ಅದರಲ್ಲಿ ಪಾಲು ಪಡೆಯುತ್ತವೆ.

ಅಂಕಿ ಅಂಶ ಏನು ಹೇಳುತ್ತದೆ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 17 ಮಂದಿ ಇರಬೇಕಾದ ತೂಕಕ್ಕಿಂತ ಕಡಿಮೆ ಇದ್ದಾರೆ. ನೂರಕ್ಕೆ 30 ಮಂದಿ ಹೆಚ್ಚಿದ್ದಾರೆ. ಹೆಚ್ಚುಕಡಿಮೆ ಅರ್ಧದಷ್ಟು ಮಹಿಳೆಯರಿಗೆ ರಕ್ತಹೀನತೆ ಇದೆ. ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರನ್ನಷ್ಟೇ ನೋಡಿದರೆ, ನೂರಕ್ಕೆ ಸುಮಾರು 40 ಮಂದಿ ಬಡಕಲು.

ನಮ್ಮ ಮಗಳು ಯಾವ ಗುಂಪಿನವಳು ಎಂದು ಕಣ್ಣಳತೆಯಲ್ಲಿ ಹೇಳಬಾರದು. 155 ಸೆಂಟಿಮೀಟರ್ ಎತ್ತರದ ವಯಸ್ಕ ಯುವತಿಗೆ ಸುಮಾರು 44ರಿಂದ 55 ಕಿಲೋ ಸರಿಯಾದ ತೂಕ. ಇಷ್ಟು ಅಗಲವಾದ ದಾರಿಯನ್ನು ದೇವರು ಇಟ್ಟಿರುವಾಗ ನಾವು ಅದನ್ನು ಎಳೆಯಷ್ಟು ಕಿರಿದು ಮಾಡುವುದೇಕೆ?

ಸಮಾಜದ ಪಾಲು

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಗಳನ್ನು ನೆನೆಯಿರಿ. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಊಟಕ್ಕೆ ಎದ್ದರೆ ಬೀಡಿ ಕಡಿಮೆ, ಬೀಡಿ ಕಡಿಮೆಯಾದರೆ ಕೂಲಿ ಕಡಿಮೆ. ಹೀಗೆ ಹಸಿವನ್ನು ಒಂದು ಕಪ್ಪು ಚಹಾದಲ್ಲಿ ತಳ್ಳುವುದು ರೂಢಿಯಾಗುತ್ತದೆ. ಅಥಣಿಯ ಕಡೆ ಮನೆಯಲ್ಲೇ ಕುಳಿತು ಚಪ್ಪಲಿ ಹೊಲಿಯುವವರ, ಕಬ್ಬಿನ ಗದ್ದೆಯಲ್ಲಿ ದುಡಿಯುವವರ ಪಾಡೂ ಬಹಳ ಬೇರೆಯಲ್ಲ. ಮನೆಗೆ ಬಂದರೆ ಗಂಡಸರದು, ಮಕ್ಕಳದು ಮುಗಿದ ಮೇಲೆ ಆಕೆಯ ಸರದಿ. ರೊಟ್ಟಿ ಉಳಿದರೂ ಕಾಳಿನ ಪಲ್ಲೆ, ಮೊಸರು ಉಳಿದಿರುವುದಿಲ್ಲ.

ಇನ್ನೊಂದು ಕಡೆ, ಸ್ವಲ್ಪ ಅನುಕೂಲವಿರುವ ಮನೆಯ ಹುಡುಗಿ ವಯಸ್ಸಿಗೆ ಬಂದ ಕೂಡಲೇ ಆಟ ನಿಲ್ಲುತ್ತದೆ, ತಿರುಗಾಟ ನಿಲ್ಲುತ್ತದೆ. ಸಿಹಿ, ಕರಿದ ತಿಂಡಿ ಮಾತ್ರ ನಿಲ್ಲುವುದಿಲ್ಲ. ಅನ್ನ, ಸಕ್ಕರೆಯಿಂದಲೇ ಹೊಟ್ಟೆ ತುಂಬಿದರೆ ಮೈ ದಪ್ಪಗಿದ್ದೂ ರಕ್ತ ಕಡಿಮೆ ಇರಬಹುದು. ಆದ್ದರಿಂದ ದಪ್ಪಗಿರುವವಳು ಚೆನ್ನಾಗಿ ಉಂಡವಳೆಂದು ತಿಳಿಯಬೇಡಿ.

ಮನಸ್ಸಿನ ಪಾಲು

ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳಲ್ಲಿ ಮೈಕೈ ತುಂಬಿದ ಹೆಣ್ಣನ್ನೇ ಚೆಲುವೆ ಎನ್ನುತ್ತಿದ್ದರು. ಅಲ್ಲಿಯ ಒಂದು ಪ್ರದೇಶಕ್ಕೆ 1995ರಲ್ಲಿ ಟಿ.ವಿ. ಬಂತು. ತೂಕ ಇಳಿಸಲು ಬೇಕೆಂದೇ ವಾಂತಿ ಮಾಡಿಕೊಳ್ಳುವ ಹುಡುಗಿಯರು ಆಗ ಸಮೀಕ್ಷೆಯಲ್ಲಿ ಒಬ್ಬರೂ ಕಾಣಲಿಲ್ಲ. 1998ರಲ್ಲಿ ನೂರಕ್ಕೆ 11 ಮಂದಿ ಕಂಡರು. ಇಂದು ಆ ಟಿ.ವಿ.ಗಿಂತ ಹತ್ತಿರದ ಪರದೆ ನಮ್ಮ ಮಕ್ಕಳ ಅಂಗೈಯಲ್ಲೇ ಇದೆ.

ಅದಕ್ಕಿಂತ ಹತ್ತಿರದ್ದು ಮನೆಯವರ ನಾಲಗೆ. ಅಮೆರಿಕದಲ್ಲಿ 2,379 ಹುಡುಗಿಯರನ್ನು ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಹತ್ತನೆಯ ವಯಸ್ಸಿನಲ್ಲಿ "ನೀನು ದಪ್ಪ" ಎನಿಸಿಕೊಂಡವರು ಹತ್ತೊಂಬತ್ತಕ್ಕೆ ಬೊಜ್ಜಿನವರಾಗುವ ಸಂಭವ ಉಳಿದವರಿಗಿಂತ ಹೆಚ್ಚಾಗಿತ್ತು. ಆಗಿನ ನಿಜವಾದ ತೂಕವನ್ನು ಲೆಕ್ಕಕ್ಕೆ ಹಿಡಿದರೂ ಈ ವ್ಯತ್ಯಾಸ ಉಳಿಯಿತು; ಮಾತು ಮನೆಯವರದಾಗಿದ್ದರೆ ಇನ್ನೂ ಹೆಚ್ಚು. ನಾಚಿಕೆಪಟ್ಟವಳು ಕದ್ದು ತಿನ್ನುತ್ತಾಳೆ, ಇಲ್ಲವೇ ಉಣ್ಣುವುದನ್ನೇ ಬಿಡುತ್ತಾಳೆ. ಯಾವುದೂ ಆರೋಗ್ಯವಲ್ಲ.

ಭಕ್ತಿಯ ಹೆಸರಿನಲ್ಲಿ ಹಸಿವು

ಉಪವಾಸ ಒಳ್ಳೆಯದು. ಆದರೆ ಧರ್ಮಸಭೆ ಅದಕ್ಕೂ ಮೇರೆ ಹಾಕಿದೆ. ಉಪವಾಸದ ನಿಯಮ 18 ತುಂಬಿದವರಿಂದ 59 ವರ್ಷದವರೆಗಿನವರಿಗೆ. ಕಾಯಿಲೆಯವರಿಗೆ, ಗರ್ಭಿಣಿಯರಿಗೆ ವಿನಾಯಿತಿ ಇದೆ. ಸಿಯೆನಾದ ಸಂತ ಕ್ಯಾಥರೀನಳು ಅತಿಯಾಗಿ ಉಪವಾಸ ಮಾಡಿದಾಗ, ಊಟ ಮಾಡೆಂದು ಹೇಳಿದವರು ಆಕೆಯ ಪಾಪನಿವೇದನೆ ಕೇಳುವ ಗುರುಗಳೇ. 1380ರಲ್ಲಿ ತೀರಿಕೊಂಡಾಗ ಆಕೆಗೆ 33 ವರ್ಷ. ನಾವು ಗೌರವಿಸುವುದು ಆಕೆಯ ಪ್ರೀತಿಯನ್ನು. ಆಕೆಯ ಹಸಿವನ್ನು ಅನುಕರಿಸಬೇಕಿಲ್ಲ. ತೂಕ ಇಳಿಸುವ ಆಸೆಗೆ ತಪಸ್ಸುಕಾಲದ ಹೊದಿಕೆ ಹೊದಿಸುವ ಮಗಳನ್ನು ತಾಯಿ ಮೆಲ್ಲಗೆ ವಿಚಾರಿಸಬೇಕು.

ಏನು ಮಾಡೋಣ?

ಮನೆಯಲ್ಲಿ ಎಲ್ಲರೂ ಕೂಡಿ ಉಣ್ಣಿರಿ. ಕಾಳು, ಸೊಪ್ಪು, ಮೊಟ್ಟೆ, ಶೇಂಗಾ ಮಗಳ ತಟ್ಟೆಗೂ ಮಗನಷ್ಟೇ ಬೀಳಲಿ. ಸರಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿರಿ. ನಡೆಯಲು, ಆಡಲು, ಸೈಕಲ್ ಹೊಡೆಯಲು ಆಕೆಗೂ ಅವಕಾಶ ಕೊಡಿರಿ. ಊಟವಾದ ಕೂಡಲೇ ವಾಂತಿ, ಮುಟ್ಟು ನಿಲ್ಲುವುದು, ತಲೆಸುತ್ತು, ಪಂಕ್ತಿಯಲ್ಲಿ ಉಣ್ಣಲು ಹಿಂಜರಿಕೆ ಕಂಡರೆ ಗದರಿಸಬೇಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ನಮಗೆ ದೂರವಲ್ಲ. 14416ಕ್ಕೆ ಫೋನ್ ಮಾಡಿದರೆ ಸರಕಾರದ ಟೆಲಿ-ಮಾನಸ್ ಸಹಾಯವಾಣಿ ಉಚಿತವಾಗಿ ಸಲಹೆ ಕೊಡುತ್ತದೆ. ಕನ್ಯಾ ನೋಡಲು ಬಂದವರು ಮಗಳ ಮೈಯನ್ನು ಅಳೆದು ಮಾತನಾಡಿದರೆ, "ಆ ಮಾತು ಇಲ್ಲಿ ಬ್ಯಾಡ್ರಿ" ಎಂದು ತಂದೆಯಾದವನು ಹೇಳಲಿ. ಸಂಬಂಧ ತಪ್ಪಿದರೆ ಇನ್ನೊಂದು ಬಂದೀತು.

ಸಂತ ಮಾರ್ಕರ ಶುಭಸಂದೇಶದ ಐದನೆಯ ಅಧ್ಯಾಯ ಓದಿರಿ. ಸತ್ತಳೆಂದು ಎಲ್ಲರೂ ಅಳುತ್ತಿದ್ದ ಹನ್ನೆರಡು ವರ್ಷದ ಹುಡುಗಿಯನ್ನು ಪ್ರಭು ಕೈಹಿಡಿದು ಎಬ್ಬಿಸಿದರು. ಅನಂತರ ಮನೆಯವರಿಗೆ ಹೇಳಿದ್ದು, ಆಕೆಗೆ ಊಟ ಕೊಡಿ ಎಂದು. ಆಕೆ ಹೇಗೆ ಕಾಣುತ್ತಾಳೆಂದು ಅವರು ಕೇಳಲಿಲ್ಲ.

ಮನೆಯಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರಿಗೆ ಏನು ಉಳಿದಿರುತ್ತದೆ?
2. ಮಗಳ ಮೈಬಣ್ಣ, ಮೈಕಟ್ಟಿನ ಬಗ್ಗೆ ಈ ವಾರ ನಾವು ಎಷ್ಟು ಸಲ ಮಾತನಾಡಿದೆವು? ಆಕೆಯ ಮನಸ್ಸಿನ ಬಗ್ಗೆ ಎಷ್ಟು ಸಲ ಕೇಳಿದೆವು?